ಕಡಲಿನ ನೀರೂ ಸೋನಾರಿನ ಕಿವಿಯೂ

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿ, ತಾಂಬಾ)

ತಾಂಬಾದಂತಹ ಊರಿನವನು ಸಮುದ್ರದ ಮಾತೆತ್ತಿದರೆ ಕೇಳುವವರಿಗೆ ನಗೆ ಬರುವುದು ಸಹಜ. ನಮ್ಮದು ಮಳೆಯ ದಾರಿ ಕಾಯುವ ನಾಡು. ಬಿಳಿಜೋಳ, ತೊಗರಿ, ಎರೆಹೊಲ, ಇವು ನಮಗೆ ಗೊತ್ತು. ಕಡಲು ನಮಗೆ ಭೂಗೋಳದ ಪುಸ್ತಕದಲ್ಲಿ ನೀಲಿ ಬಣ್ಣ ಬಳಿದ ಜಾಗ, ಅಷ್ಟೆ. ನಾನು ಕಲಾವಿಭಾಗದಲ್ಲಿ ಭೂಗೋಳವನ್ನು ಒಂದು ವಿಷಯವನ್ನಾಗಿ ಆರಿಸಿಕೊಂಡವನು. ಸಾಗರದ ಉಷ್ಣತೆ, ಲವಣತ್ವ, ಪ್ರವಾಹ ಎಂಬ ಪಾಠಗಳನ್ನು ಪರೀಕ್ಷೆಗೆಂದು ಓದುವಾಗ, ಇವೆಲ್ಲ ಯಾರಿಗೆ ಬೇಕು ಎಂಬ ಪ್ರಶ್ನೆ ನನ್ನ ಮನಸ್ಸಿನಲ್ಲಿಯೂ ಮೂಡಿತ್ತು. ಆ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದಾಗ ದೊರೆತ ವಿಷಯವನ್ನೇ ಈ ಲೇಖನದಲ್ಲಿ ವಾಚಕರ ಮುಂದೆ ಇಡುತ್ತಿದ್ದೇನೆ.

1971ರ ಡಿಸೆಂಬರ್ 9ರ ರಾತ್ರಿ, ಭಾರತ ಪಾಕಿಸ್ತಾನಗಳ ಯುದ್ಧ ನಡೆದಿದ್ದ ಕಾಲ. ಗುಜರಾತದ ತೀರದ ದೀವ್ ಪಟ್ಟಣಕ್ಕೆ ದೂರದ ಅರಬ್ಬೀ ಸಮುದ್ರದಲ್ಲಿ ನಮ್ಮ ನೌಕಾದಳದ 'ಖುಕ್ರಿ' ಎಂಬ ಹಡಗು ಶತ್ರುವಿನ ಜಲಾಂತರ್ಗಾಮಿಯನ್ನು ಅರಸುತ್ತಿತ್ತು. ಜೊತೆಯಲ್ಲಿ 'ಕೃಪಾಣ' ಎಂಬ ಇನ್ನೊಂದು ಹಡಗಿತ್ತು. ನೀರಿನಡಿಯಲ್ಲಿ ಅಡಗಿದ್ದ 'ಹಂಗೋರ್' ಎಂಬ ಪಾಕಿಸ್ತಾನದ ಜಲಾಂತರ್ಗಾಮಿಯು ಬಿಟ್ಟ ಟಾರ್ಪಿಡೊ ಖುಕ್ರಿಗೆ ಬಡಿಯಿತು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. 18 ಜನ ಅಧಿಕಾರಿಗಳೂ 176 ಜನ ನಾವಿಕರೂ ಅದರೊಡನೆ ಜಲಸಮಾಧಿಯಾದರು. ಹಡಗಿನ ನಾಯಕರಾದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ಹಡಗನ್ನು ಬಿಟ್ಟು ಬರಲಿಲ್ಲ. ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ಕೊಡಲಾಯಿತು.

ಇಲ್ಲಿ ವಿಚಾರಕ್ಕೆ ಹಚ್ಚುವ ಸಂಗತಿಯೊಂದಿದೆ. ಖುಕ್ರಿಯು ಜಲಾಂತರ್ಗಾಮಿಗಳನ್ನು ಹುಡುಕಿ ಹೊಡೆಯುವುದಕ್ಕೆಂದೇ ಬ್ರಿಟನ್ನಿನಲ್ಲಿ ಕಟ್ಟಿದ ಜಾತಿಯ ಹಡಗು. ಅದರಲ್ಲಿ ಸೋನಾರ್ ಎಂಬ ಶೋಧಕ ಯಂತ್ರವಿತ್ತು. ಬೇಟೆಗೆ ಹೋದವನೇ ಬೇಟೆಯಾದದ್ದು ಹೇಗೆ? ಒಂದು ಯುದ್ಧದ ಸೋಲು ಗೆಲುವಿಗೆ ಕಾರಣಗಳು ಹಲವು. ಅಂದಿನ ದುರಂತಕ್ಕೆ ನೀರೊಂದೇ ಕಾರಣವೆಂದು ಹೇಳುವುದು ಸರಿಯಲ್ಲ. ಆದರೆ ಸೋನಾರ್ ಯಂತ್ರ ಎಷ್ಟು ದೂರ ಕೇಳಬಲ್ಲುದು ಎಂಬುದನ್ನು ಯಂತ್ರ ಮಾತ್ರವೇ ನಿರ್ಧರಿಸುವುದಿಲ್ಲ, ಅದರ ಸುತ್ತಲಿನ ನೀರು ನಿರ್ಧರಿಸುತ್ತದೆ ಎಂಬುದು ಸಿದ್ಧವಾದ ಸತ್ಯ. ಅದು ಹೇಗೆಂಬುದನ್ನು ನೋಡೋಣ.

ಮೊದಲನೆಯದಾಗಿ, ನೀರಿನೊಳಗೆ ಶಬ್ದವನ್ನೇ ಏಕೆ ನೆಚ್ಚಬೇಕು? ಬೆಳಕಿದೆಯಲ್ಲ, ರೇಡಿಯೊ ಅಲೆಗಳಿವೆಯಲ್ಲ ಎಂದು ಕೇಳಬಹುದು. ಆಕಾಶದಲ್ಲಿ ವಿಮಾನವನ್ನು ಕಂಡುಹಿಡಿಯುವ ರಡಾರ್ ರೇಡಿಯೊ ಅಲೆಗಳಿಂದ ಕೆಲಸ ಮಾಡುತ್ತದೆ. ಆದರೆ ಉಪ್ಪುನೀರು ಆ ಅಲೆಗಳನ್ನು ಬಹುಬೇಗ ನುಂಗಿಬಿಡುತ್ತದೆ. ಬೆಳಕೂ ಅಷ್ಟೆ; 200 ಮೀಟರ್ ಆಳಕ್ಕೆ ಹೋದರೆ ಸೂರ್ಯನ ಬೆಳಕು ಹೆಸರಿಗೆ ಮಾತ್ರ. ಶಬ್ದವೊಂದೇ ನೀರಿನಲ್ಲಿ ಬಹುದೂರ ಸಾಗಬಲ್ಲುದು. ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಸಮುದ್ರದ ನೀರಿನಲ್ಲಿ ಸುಮಾರು 1500 ಮೀಟರ್, ಅಂದರೆ ನಾಲ್ಕು ಪಟ್ಟಿಗೂ ಹೆಚ್ಚು. 1826ರಲ್ಲಿ ಕೊಲಡೋನ್ ಮತ್ತು ಸ್ಟರ್ಮ್ ಎಂಬ ಇಬ್ಬರು ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದಲ್ಲಿ ಇದನ್ನು ಅಳೆದರು. ಒಂದು ದೋಣಿಯಿಂದ ನೀರಿನೊಳಗೆ ಗಂಟೆಯನ್ನು ಇಳಿಬಿಟ್ಟು ಬಾರಿಸಿದರು. ಅದೇ ಕ್ಷಣದಲ್ಲಿ ಮೇಲೆ ಮದ್ದಿಗೆ ಬೆಂಕಿ ತಾಗಿ ಮಿಂಚುವಂತೆ ಏರ್ಪಡಿಸಿದ್ದರು. 13 ಕಿಲೋಮೀಟರಿಗೂ ಹೆಚ್ಚು ದೂರದ ಇನ್ನೊಂದು ದೋಣಿಯಲ್ಲಿದ್ದವನು ಮಿಂಚು ಕಂಡ ಮೇಲೆ ಎಷ್ಟು ಹೊತ್ತಿಗೆ ಗಂಟೆಯ ಸದ್ದು ಕೇಳಿತೆಂಬುದನ್ನು ಎಣಿಸಿದನು. ಆ ತಣ್ಣನೆಯ ಸಿಹಿನೀರಿನಲ್ಲಿ ಅವರಿಗೆ ದೊರೆತ ವೇಗ ಸೆಕೆಂಡಿಗೆ 1435 ಮೀಟರ್.

ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಹಡಗುಗಳನ್ನು ಒಂದರ ಮೇಲೊಂದು ಮುಳುಗಿಸತೊಡಗಿದಾಗ ಈ ಜ್ಞಾನ ಉಪಯೋಗಕ್ಕೆ ಬಂತು. ಫ್ರಾನ್ಸಿನ ವಿಜ್ಞಾನಿ ಪಾಲ್ ಲಾಂಜೆವಾನ್ ಸ್ಫಟಿಕದ ಹಲ್ಲೆಗಳಿಗೆ ವಿದ್ಯುತ್ತನ್ನು ಹಾಯಿಸಿ ನೀರಿನಲ್ಲಿ ತೀಕ್ಷ್ಣವಾದ ಶಬ್ದವನ್ನು ಹುಟ್ಟಿಸುವ ಉಪಾಯವನ್ನು ಕಂಡುಹಿಡಿದನು. ಶಬ್ದ ಹೋಗಿ ಜಲಾಂತರ್ಗಾಮಿಯ ಮೈಗೆ ಬಡಿದು ಪ್ರತಿಧ್ವನಿಯಾಗಿ ಹಿಂದಿರುಗುತ್ತದೆ. ಹೋಗಿ ಬರಲು 4 ಸೆಕೆಂಡು ಹಿಡಿದರೆ, ಹೋಗಲು 2 ಸೆಕೆಂಡು. ಆದುದರಿಂದ ಶತ್ರು 3000 ಮೀಟರ್ ದೂರದಲ್ಲಿದ್ದಾನೆ ಎಂದು ಲೆಕ್ಕ. ಎರಡನೆಯ ಮಹಾಯುದ್ಧದ ಹೊತ್ತಿಗೆ ಇದಕ್ಕೆ ಸೋನಾರ್ ಎಂಬ ಹೆಸರು ಬಂತು. ಸದ್ದು ಮಾಡದೆ ಸುಮ್ಮನೆ ಕಿವಿಗೊಟ್ಟು, ಶತ್ರುವಿನ ಯಂತ್ರದ ಸದ್ದನ್ನು ಆಲಿಸುವ ಸೋನಾರೂ ಉಂಟು. ಕೂಗಿ ಹುಡುಕುವವನಿಗೆ ಒಂದು ತೊಡಕಿದೆ. ಅವನ ಕೂಗು ಶತ್ರುವಿನ ಕಿವಿಗೆ ಒಮ್ಮುಖದ ದಾರಿಯನ್ನು ಮಾತ್ರ ನಡೆದರೆ ಸಾಕು. ಪ್ರತಿಧ್ವನಿ ಅವನಿಗೆ ಕೇಳಬೇಕಾದರೆ ಎರಡು ದಾರಿ ನಡೆಯಬೇಕು. ಆದ್ದರಿಂದ ಹುಡುಕುವವನು ಕೇಳುವ ಮೊದಲೇ ಅಡಗಿದವನಿಗೆ ಅವನ ಸುಳಿವು ಸಿಕ್ಕಿರುತ್ತದೆ.

ಇಷ್ಟು ಕೇಳಿದರೆ ಲೆಕ್ಕ ಬಹಳ ಸುಲಭವೆನಿಸುತ್ತದೆ. ಆದರೆ ಶಬ್ದವು ಸಮುದ್ರದಲ್ಲಿ ಗೆರೆ ಎಳೆದಂತೆ ನೆಟ್ಟಗೆ ಹೋಗುವುದಿಲ್ಲ. ಅದರ ವೇಗವನ್ನು ಮೂರು ಸಂಗತಿಗಳು ಬದಲಿಸುತ್ತವೆ. ನೀರಿನ ಉಷ್ಣತೆ ಒಂದು ಡಿಗ್ರಿ ಹೆಚ್ಚಿದರೆ ವೇಗ ಸೆಕೆಂಡಿಗೆ ಸುಮಾರು 3 ಮೀಟರ್ ಹೆಚ್ಚುತ್ತದೆ. ಒಂದು ಕಿಲೋ ನೀರಿನಲ್ಲಿ ಉಪ್ಪು ಒಂದು ಗ್ರಾಂ ಹೆಚ್ಚಿದರೆ ವೇಗ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಆಳ 100 ಮೀಟರ್ ಹೆಚ್ಚಿದರೆ ಮೇಲಿನ ನೀರಿನ ಒತ್ತಡದಿಂದಾಗಿ ವೇಗ ಒಂದೂವರೆ ಮೀಟರಿಗಿಂತ ತುಸು ಹೆಚ್ಚುತ್ತದೆ. ಸಮುದ್ರದ ಮೇಲಿನ ಕೆಲವು ನೂರು ಮೀಟರುಗಳಲ್ಲಿ ಉಷ್ಣತೆಯದೇ ಯಜಮಾನಿಕೆ.

ನೀರು ಮೇಲಿನಿಂದ ಕೆಳಗಿನವರೆಗೆ ಒಂದೇ ಬಗೆಯದಲ್ಲ ಎಂಬುದನ್ನು ತಿಳಿಯಲು ಕಡಲಿಗೆ ಹೋಗಬೇಕಾಗಿಲ್ಲ. ಬೇಸಿಗೆಯಲ್ಲಿ ನಮ್ಮ ಹೊಲದ ಬಾವಿಗಳಲ್ಲಿ ಈಜು ಕಲಿತ ಯಾವ ಹುಡುಗನಾದರೂ ಇದನ್ನು ಬಲ್ಲ. ಮೇಲೆ ನೀರು ಉಗುರುಬೆಚ್ಚಗೆ ಇರುತ್ತದೆ. ಮುಳುಗು ಹಾಕಿ ಒಂದಾಳು ಕೆಳಗೆ ಹೋದರೆ ಕಾಲಿಗೆ ಚಳಿ ಹತ್ತುತ್ತದೆ. ಸಮುದ್ರದಲ್ಲಿಯೂ ಹಾಗೆಯೇ. ಮೇಲ್ಗಡೆ ಗಾಳಿ ಮತ್ತು ಅಲೆಗಳು ಕಡೆದ ಬೆಚ್ಚನೆಯ ಪದರವೊಂದಿರುತ್ತದೆ. ಅದರ ಕೆಳಗೆ ಉಷ್ಣತೆ ಒಮ್ಮೆಲೆ ಇಳಿಯುತ್ತದೆ. ಅರಬ್ಬೀ ಸಮುದ್ರದಲ್ಲಿ ಮೇಲ್ನೀರು 28 ಡಿಗ್ರಿ ಇದ್ದಾಗ, 200 ಮೀಟರ್ ಆಳದಲ್ಲಿ ಅದು 16 ಡಿಗ್ರಿಯ ಆಸುಪಾಸಿಗೆ ಇಳಿದಿರಬಹುದು. ಅಂದರೆ ಅಷ್ಟರಲ್ಲಿಯೇ ಶಬ್ದದ ವೇಗ ಸೆಕೆಂಡಿಗೆ ಸುಮಾರು 30 ಮೀಟರ್ ಕಡಿಮೆಯಾಗಿರುತ್ತದೆ.

ವೇಗ ಬದಲಾದರೆ ದಾರಿ ಏಕೆ ಬಾಗಬೇಕು? ಒಂದೇ ನೊಗಕ್ಕೆ ಹೂಡಿದ ಜೋಡೆತ್ತುಗಳನ್ನು ನೆನೆಯಿರಿ. ಎಡಗಡೆಯ ಎತ್ತು ಕೆಸರಿಗೆ ಸಿಕ್ಕು ನಿಧಾನವಾಯಿತು. ಬಲಗಡೆಯದು ಮೊದಲಿನಂತೆಯೇ ಎಳೆಯಿತು. ಗಾಡಿ ಯಾವ ಕಡೆಗೆ ತಿರುಗುತ್ತದೆ? ನಿಧಾನವಾದ ಎತ್ತಿನ ಕಡೆಗೆ. ಶಬ್ದದ ಅಲೆಯೂ ಹೀಗೆಯೇ. ಅದರ ಮೇಲಂಚು ಬೆಚ್ಚನೆಯ ನೀರಿನಲ್ಲಿ ಬೇಗ ಓಡುತ್ತದೆ. ಕೆಳಂಚು ತಣ್ಣನೆಯ ನೀರಿನಲ್ಲಿ ಹಿಂದೆ ಬೀಳುತ್ತದೆ. ಅಲೆ ಕೆಳಕ್ಕೆ ಬಾಗುತ್ತದೆ. ಮೇಲೆ ಹೇಳಿದಂತೆ ನೀರು ತಣ್ಣಗಾಗುತ್ತ ಹೋಗುವೆಡೆ, ಸಮತಲವಾಗಿ ಹೊರಟ ಶಬ್ದವು ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ಸುಮಾರು 50 ಮೀಟರ್ ಕೆಳಗಿಳಿದಿರುತ್ತದೆ.

ಗಾಳಿಯಲ್ಲಿಯೂ ಇದೇ ನಿಯಮ ನಡೆಯುತ್ತದೆ. ಬೇಸಿಗೆಯ ನಡುಹಗಲಿನಲ್ಲಿ ಹೊಲದ ಈ ಬದುವಿನಿಂದ ಆ ಬದುವಿನವನನ್ನು ಕೂಗಿದರೆ ಅವನು ಓಗೊಡುವುದಿಲ್ಲ. ಅದೇ ಚಳಿಗಾಲದ ರಾತ್ರಿ ಪಕ್ಕದೂರಿನ ಭಜನೆಯ ತಾಳ ಮಗ್ಗುಲಲ್ಲಿಯೇ ಬಾರಿಸಿದಂತೆ ಕೇಳುತ್ತದೆ. ರಾತ್ರಿಯ ನಿಶ್ಶಬ್ದವೊಂದೇ ಇದಕ್ಕೆ ಕಾರಣವಲ್ಲ. ಹಗಲು ಕಾದ ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು. ಆದ್ದರಿಂದ ಕೂಗು ಮೇಲಕ್ಕೆ ಬಾಗಿ ತಲೆಯ ಮೇಲೆ ಹಾಯ್ದುಹೋಗುತ್ತದೆ. ರಾತ್ರಿ ನೆಲ ತಣಿದು, ನೆಲದ ಹತ್ತಿರದ ಗಾಳಿ ಮೇಲಿನದಕ್ಕಿಂತ ತಂಪಾಗುತ್ತದೆ. ಶಬ್ದ ನೆಲದ ಕಡೆಗೆ ಬಾಗಿ ದೂರದವರನ್ನು ಮುಟ್ಟುತ್ತದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದರೆ ರಾತ್ರಿಯ ದನಿ ದೂರ ಹೋಗುತ್ತದೆಂಬ ಸಂಗತಿ ನನಗಿಂತ ಮೊದಲೇ ಮನೆಯ ಹಿರಿಯರಿಗೆ ಗೊತ್ತಿತ್ತು. ಪುಸ್ತಕವು ನನಗೆ ಕೊಟ್ಟದ್ದು ಕಾರಣವನ್ನು ಮಾತ್ರ.

ಈ ಕಾರಣವನ್ನು ಸಮುದ್ರದಲ್ಲಿ ಕಂಡುಕೊಂಡ ಬಗೆ ಸ್ವಾರಸ್ಯವಾಗಿದೆ. 1930ರ ದಶಕದಲ್ಲಿ ಅಮೆರಿಕದ ನೌಕಾದಳದವರು ಕ್ಯೂಬಾ ದ್ವೀಪದ ಗ್ವಾಂಟಾನಮೊ ಕೊಲ್ಲಿಯ ಬಳಿ ಸೋನಾರನ್ನು ಪರೀಕ್ಷಿಸುತ್ತಿದ್ದರು. ಬೆಳಿಗ್ಗೆ ಚೆನ್ನಾಗಿ ಕೇಳುತ್ತಿದ್ದ ಪ್ರತಿಧ್ವನಿ ಮಧ್ಯಾಹ್ನವಾದಂತೆ ಕ್ಷೀಣಿಸುತ್ತಿತ್ತು. ಯಂತ್ರವನ್ನು ಬಿಚ್ಚಿ ನೋಡಿದರೆ ಅದರಲ್ಲಿ ದೋಷವಿಲ್ಲ. ಊಟ ಮಾಡಿ ಬಂದ ಹುಡುಗರು ತೂಕಡಿಸುತ್ತಿರಬೇಕೆಂದು ಮೇಲಿನವರು ಶಂಕಿಸಿದರು. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ನಮ್ಮಲ್ಲಿದೆ. ಆದರೆ ಇಲ್ಲಿ ನಿಜವಾಗಿಯೂ ನೆಲವೇ ಡೊಂಕಾಗಿತ್ತು! 1937ರಲ್ಲಿ 'ಸೆಮ್ಸ್' ಎಂಬ ಹಡಗೂ ವುಡ್ಸ್ ಹೋಲ್ ಸಾಗರ ಸಂಶೋಧನ ಸಂಸ್ಥೆಯ 'ಅಟ್ಲಾಂಟಿಸ್' ಎಂಬ ಹಡಗೂ ಕೂಡಿ ನೀರಿನ ಉಷ್ಣತೆಯನ್ನು ಅಳೆದು ನೋಡಿದವು. ಬೆಳಗಿನಿಂದ ಮಧ್ಯಾಹ್ನದವರೆಗಿನ ಬಿಸಿಲು ಮೇಲಿನ ಕೆಲವು ಮೀಟರ್ ನೀರನ್ನು ಒಂದೆರಡು ಡಿಗ್ರಿ ಕಾಯಿಸುತ್ತಿತ್ತು. ಅಷ್ಟರಿಂದಲೇ ಶಬ್ದ ಕೆಳಕ್ಕೆ ಬಾಗಿ, ಜಲಾಂತರ್ಗಾಮಿಯ ಅಡಿಯಲ್ಲಿ ನುಸುಳಿ ಹೋಗುತ್ತಿತ್ತು. ಹುಡುಗರ ಮೇಲಿನ ಅಪವಾದ ನೀಗಿತು. ವಿದ್ಯಮಾನಕ್ಕೆ 'ಮಧ್ಯಾಹ್ನದ ಪರಿಣಾಮ' ಎಂಬ ಹೆಸರು ನಿಂತಿತು.

ದೀಪದ ಬೆಳಕು ತಲುಪದೆಡೆ ನೆರಳು ಇರುವಂತೆ, ಶಬ್ದ ಬಾಗಿಹೋದ ಮೇಲೆ ಅದು ತಲುಪದ ಜಾಗವೊಂದು ಉಳಿಯುತ್ತದೆ. ಅದನ್ನು ಶಬ್ದದ ನೆರಳು ಎನ್ನಬಹುದು. ಗಾಳಿ ಕಡೆದ ಮೇಲ್ಪದರದಲ್ಲಿ ಉಷ್ಣತೆ ಎಲ್ಲೆಡೆಯೂ ಒಂದೇ ಆಗಿದ್ದರೆ, ಒತ್ತಡದಿಂದಾಗಿ ಕೆಳಗಡೆ ವೇಗ ತುಸು ಹೆಚ್ಚಿರುತ್ತದೆ. ಅಲ್ಲಿ ಶಬ್ದ ಮೆಲ್ಲಗೆ ಮೇಲಕ್ಕೆ ಬಾಗಿ, ಮೇಲ್ಮೈಗೆ ಬಡಿದು, ಮತ್ತೆ ಇಳಿದು, ಕಾಲುವೆಯಲ್ಲಿ ಹರಿಯುವ ನೀರಿನಂತೆ ಆ ಪದರದೊಳಗೆಯೇ ದೂರ ಸಾಗುತ್ತದೆ. ಪದರವನ್ನು ದಾಟಿ ಕೆಳಗಿಳಿದ ಶಬ್ದ ಮಾತ್ರ ತಣ್ಣೀರಿನಲ್ಲಿ ಒಮ್ಮೆಲೆ ಕೆಳಕ್ಕೆ ಬಾಗುತ್ತದೆ. ಈ ಎರಡು ದಾರಿಗಳ ನಡುವೆ, ಪದರದ ಸ್ವಲ್ಪ ಕೆಳಗೆ, ನೆರಳು ಬೀಳುತ್ತದೆ. ಜಾಣ ಜಲಾಂತರ್ಗಾಮಿ ಅಲ್ಲಿ ಅಡಗುತ್ತದೆ. ಹಡಗು ಮೇಲೆ ಎಷ್ಟು ಕೂಗಿದರೂ ಆ ಕೂಗು ಅದಕ್ಕೆ ತಗಲುವುದು ವಿರಳ.

ಆದುದರಿಂದ ನೀರಿನ ಉಷ್ಣತೆಯನ್ನು ಆಳದ ಪ್ರಕಾರ ಬರೆದಿಡುವ ಉಪಕರಣ ಬೇಕಾಯಿತು. ಅಥೆಲ್‌ಸ್ಟನ್ ಸ್ಪಿಲ್‌ಹೌಸ್ ಎಂಬವನು 1930ರ ದಶಕದ ಕೊನೆಯಲ್ಲಿ ಅಂತಹ ಉಪಕರಣವನ್ನು ರೂಪಿಸಿದನು. ಹಡಗಿನಿಂದ ಹಗ್ಗದ ಮೇಲೆ ಇಳಿಬಿಟ್ಟರೆ ಅದು ಮಸಿ ಬಳಿದ ಗಾಜಿನ ತುಂಡಿನ ಮೇಲೆ ಉಷ್ಣತೆಯ ಗೆರೆಯನ್ನು ಕೊರೆದು ತರುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಹಡಗಿನವರು ಇದನ್ನು ನೋಡಿ ತಮ್ಮ ಸೋನಾರ್ ಎಷ್ಟು ದೂರ ಕೇಳಬಹುದೆಂದು ಲೆಕ್ಕ ಹಾಕಿದರು. ಜಲಾಂತರ್ಗಾಮಿಯವರೂ ಇದನ್ನೇ ಇಟ್ಟುಕೊಂಡು ಎಲ್ಲಿ ಅಡಗಬೇಕೆಂದು ಲೆಕ್ಕ ಹಾಕಿದರು. ವಿದ್ಯೆ ಒಂದೇ, ಬಳಸುವವರು ಇಬ್ಬರು.

ಇನ್ನು ನಮ್ಮ ಕಡಲುಗಳ ಕಡೆಗೆ ಬರೋಣ. ಅರಬ್ಬೀ ಸಮುದ್ರವು ವರ್ಷವಿಡೀ ಒಂದೇ ತೆರನಾಗಿರುವುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಗಾಳಿ ಕಡಿಮೆ, ಬಿಸಿಲು ಹೆಚ್ಚು. ಮೇಲ್ನೀರು 30 ಡಿಗ್ರಿಯವರೆಗೆ ಕಾಯುತ್ತದೆ, ಬೆಚ್ಚನೆಯ ಪದರ ತೆಳುವಾಗಿರುತ್ತದೆ. ಜೂನಿನಲ್ಲಿ ನೈಋತ್ಯ ಮುಂಗಾರು ಬೀಸಿದ ಮೇಲೆ ನಡುಗಡಲಿನ ನೀರು ಆಳದವರೆಗೆ ಕಡೆಯಲ್ಪಡುತ್ತದೆ. ಆದರೆ ಅದೇ ಕಾಲದಲ್ಲಿ ಕೇರಳ ಮತ್ತು ಕರ್ನಾಟಕದ ತೀರದಲ್ಲಿ ಕೆಳಗಿನ ತಣ್ಣೀರು ಮೇಲಕ್ಕೆ ಎದ್ದು ಬರುತ್ತದೆ. ಮೀನುಗಾರರಿಗೆ ಇದು ಸುಗ್ಗಿಯ ಮೂಲ, ಏಕೆಂದರೆ ತಣ್ಣೀರಿನೊಡನೆ ಮೀನಿನ ಆಹಾರಕ್ಕೆ ಬೇಕಾದ ಸತ್ವವೂ ಮೇಲೆ ಬರುತ್ತದೆ. ಸೋನಾರಿನವನಿಗಾದರೋ ಇದು ತಲೆನೋವು. ಚಳಿಗಾಲದಲ್ಲಿ ಉತ್ತರ ಅರಬ್ಬೀ ಸಮುದ್ರದ ಮೇಲ್ನೀರು ತಣಿದು ಭಾರವಾಗಿ ಕೆಳಗಿಳಿಯುವುದರಿಂದ ಪದರ ಮತ್ತೆ ದಪ್ಪವಾಗುತ್ತದೆ. ಹೀಗೆ ಮೇ ತಿಂಗಳ ಲೆಕ್ಕ ಆಗಸ್ಟಿಗೆ ಆಗದು. ಕಾರವಾರದ ಲೆಕ್ಕ ದೀವಿಗೆ ಆಗದು.

ಪೂರ್ವದ ಬಂಗಾಲ ಉಪಸಾಗರದ ರೀತಿಯೇ ಬೇರೆ. ಅರಬ್ಬೀ ಸಮುದ್ರದಲ್ಲಿ ನೀರು ಬಹಳವಾಗಿ ಆವಿಯಾಗುವುದರಿಂದ ಒಂದು ಕಿಲೋ ಮೇಲ್ನೀರಿನಲ್ಲಿ ಸುಮಾರು 36 ಗ್ರಾಂ ಉಪ್ಪಿರುತ್ತದೆ. ಬಂಗಾಲ ಉಪಸಾಗರಕ್ಕೆ ಗಂಗೆ, ಬ್ರಹ್ಮಪುತ್ರೆ, ಮಹಾನದಿ, ಗೋದಾವರಿ, ಕೃಷ್ಣೆ ಮೊದಲಾದ ನದಿಗಳು ಸಿಹಿನೀರನ್ನು ಸುರಿಯುತ್ತವೆ. ಮಳೆಗಾಲದ ನಂತರ ಅದರ ಉತ್ತರ ಭಾಗದ ಉಪ್ಪು 30 ಗ್ರಾಮಿನ ಆಸುಪಾಸಿಗೆ ಇಳಿಯುವುದುಂಟು. ಹಗುರವಾದ ಸಿಹಿನೀರು ಹಾಲಿನ ಮೇಲಿನ ಕೆನೆಯಂತೆ ಮೇಲೆಯೇ ನಿಂತು, ಅಲ್ಲಿ ಶಬ್ದದ ವೇಗವನ್ನು ತಗ್ಗಿಸುತ್ತದೆ. ನಮ್ಮ ಇಂಡಿ ತಾಲೂಕಿನ ಉತ್ತರಕ್ಕೆ ಹರಿಯುವ ಭೀಮೆಯು ರಾಯಚೂರಿನ ಬಳಿ ಕೃಷ್ಣೆಯನ್ನು ಕೂಡಿ ಕೊನೆಗೆ ಈ ಕಡಲನ್ನೇ ಸೇರುತ್ತಾಳೆ. ಕಡಲನ್ನು ಕಾಣದ ನಮ್ಮ ಸೀಮೆಯ ಮಳೆನೀರಿಗೂ ಸಮುದ್ರದೊಳಗಿನ ಶಬ್ದದ ದಾರಿಯಲ್ಲಿ ಹನಿಯಷ್ಟಾದರೂ ಪಾಲಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ನೀರಿನ ಪದರಗಳಲ್ಲದೆ ಬೇರೆ ತೊಡಕುಗಳೂ ಇವೆ. ಆಳ ಕಡಿಮೆಯಿರುವ ತೀರದ ಬಳಿ ಶಬ್ದವು ಮರಳಿಗೆ, ಕೆಸರಿಗೆ, ಬಂಡೆಗೆ ಬಡಿದು ಸಾವಿರ ತುಣುಕಾಗಿ ಹಿಂದಿರುಗುತ್ತದೆ. ಜಾತ್ರೆಯ ಗದ್ದಲದಲ್ಲಿ ಒಬ್ಬನ ಮಾತನ್ನು ಆಲಿಸಿದಂತೆ ನಿಜವಾದ ಪ್ರತಿಧ್ವನಿಯನ್ನು ಆರಿಸಬೇಕಾಗುತ್ತದೆ. ಬೆಚ್ಚನೆಯ ತೀರಗಳಲ್ಲಿ ಚಟಚಟನೆ ಸದ್ದು ಮಾಡುವ ಒಂದು ಜಾತಿಯ ಸಿಗಡಿಗಳಿವೆ. ಲಕ್ಷಾಂತರ ಸಿಗಡಿಗಳು ಒಟ್ಟಿಗೆ ಚಿಟಿಕೆ ಹೊಡೆದರೆ ಸೋನಾರಿನ ಕಿವಿ ಕಿವುಡಾಗುತ್ತದೆ. ಹಡಗಿನ ಸ್ವಂತ ಯಂತ್ರದ ಸದ್ದೂ ಅದಕ್ಕೆ ಅಡ್ಡಿಯೇ.

ತೊಡಕು ಮಾಡುವ ನೀರೇ ಒಮ್ಮೊಮ್ಮೆ ಉಪಕಾರವನ್ನೂ ಮಾಡುತ್ತದೆ. ಬಹಳ ಆಳಕ್ಕೆ ಹೋದ ಮೇಲೆ ಉಷ್ಣತೆ ಇಳಿಯುವುದು ಬಹುಮಟ್ಟಿಗೆ ನಿಂತು, ಒತ್ತಡವೇ ಮೇಲುಗೈಯಾಗಿ ವೇಗ ಮತ್ತೆ ಏರತೊಡಗುತ್ತದೆ. ವೇಗ ಎಲ್ಲಕ್ಕಿಂತ ಕಡಿಮೆಯಿರುವ ಆ ಆಳದಲ್ಲಿ ಶಬ್ದ ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಹೋಗಲಾರದೆ ಅದೇ ಹಾದಿಯಲ್ಲಿ ಉಳಿಯುತ್ತದೆ. ಅಮೆರಿಕದ ಮಾರಿಸ್ ಯೂಯಿಂಗ್ 1944ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದನು. 1960ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ಬಳಿ ಸಮುದ್ರದಲ್ಲಿ ಸಿಡಿಸಿದ ಸ್ಫೋಟದ ಸದ್ದು ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪದ ಬಳಿ ಕೇಳಿಸಿತು. ದೂರ ಸುಮಾರು 20,000 ಕಿಲೋಮೀಟರ್. ಹಿಡಿದ ಹೊತ್ತು ಮೂರು ಮುಕ್ಕಾಲು ಗಂಟೆಯ ಆಸುಪಾಸು. ಒಂದೆಡೆ ಎರಡು ಮೂರು ಕಿಲೋಮೀಟರಿನಾಚೆಗೆ ಕೇಳದ ಶಬ್ದ, ಇನ್ನೊಂದೆಡೆ ಭೂಮಿಯನ್ನೇ ಅರ್ಧ ಸುತ್ತುತ್ತದೆ!

ಹಾಗಾದರೆ ಇದಕ್ಕೆ ಮನುಷ್ಯ ಮಾಡಿಕೊಂಡ ಉಪಾಯವೇನು? ಮೊದಲನೆಯದು, ಕಿವಿಯನ್ನೇ ಕೆಳಗಿಳಿಸುವುದು. ಹಡಗಿನ ಹಿಂದೆ ಉದ್ದನೆಯ ಹಗ್ಗಕ್ಕೆ ಸೋನಾರನ್ನು ಕಟ್ಟಿ ಬೆಚ್ಚನೆಯ ಪದರದ ಕೆಳಕ್ಕೆ ಇಳಿಬಿಡುತ್ತಾರೆ. ಹೆಲಿಕಾಪ್ಟರಿನಿಂದಲೂ ನೀರಿಗೆ ಅದ್ದುತ್ತಾರೆ. ಎರಡನೆಯದು, ಗದ್ದಲದಲ್ಲಿ ಪ್ರತಿಧ್ವನಿಯನ್ನು ಆರಿಸುವ ಗಣಿತವನ್ನು ಉತ್ತಮಪಡಿಸುವುದು. ಖುಕ್ರಿ ಮುಳುಗಿದ ನಂತರ, 1972ರಲ್ಲಿ, ನಮ್ಮ ನೌಕಾದಳದ ಅಧಿಕಾರಿ ಆರೋಗ್ಯಸ್ವಾಮಿ ಪಾಲ್‌ರಾಜ್ ಅವರಿಗೆ ಅದೇ ಬಗೆಯ ಬ್ರಿಟಿಷ್ ಸೋನಾರನ್ನು ಸುಧಾರಿಸುವ ಕೆಲಸವನ್ನು ಒಪ್ಪಿಸಲಾಯಿತು. ಮುಂದೆ ಅವರ ನೇತೃತ್ವದಲ್ಲಿ ಕೊಚ್ಚಿಯ ನೌಕಾ ಭೌತಿಕ ಮತ್ತು ಸಾಗರವಿಜ್ಞಾನ ಪ್ರಯೋಗಾಲಯವು 'ಅಪ್ಸೋಹ್' ಎಂಬ ಸ್ವದೇಶೀ ಸೋನಾರನ್ನು ರೂಪಿಸಿತು. 1980ರ ದಶಕದಲ್ಲಿ ಅದನ್ನು ತಯಾರಿಸಿದ್ದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ.

ಮೂರನೆಯ ಉಪಾಯವೇ ಎಲ್ಲಕ್ಕೂ ತಳಹದಿ. ಅದು ನೀರನ್ನು ಬಿಡದೆ ಅಳೆಯುವುದು. 1966ರಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಸ್ಥಾಪಿತವಾಯಿತು. 1994ರಲ್ಲಿ 'ಸಾಗರಧ್ವನಿ' ಎಂಬ ಸಂಶೋಧನ ನೌಕೆ ಸೇವೆಗೆ ಬಂತು. ಹೆಸರೇ ಅದರ ಕೆಲಸವನ್ನು ಹೇಳುತ್ತದೆ. ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರವು 'ಆರ್ಗೊ' ಎಂಬ ಅಂತರರಾಷ್ಟ್ರೀಯ ಯೋಜನೆಯಲ್ಲಿ ಪಾಲುಗೊಂಡಿದೆ. ಆ ಯೋಜನೆಯ ತೇಲುಗೊಳವೆಗಳು ಸುಮಾರು ಹತ್ತು ದಿನಗಳಿಗೊಮ್ಮೆ 2000 ಮೀಟರ್ ಆಳದಿಂದ ಮೇಲೇಳುತ್ತ ಉಷ್ಣತೆ ಮತ್ತು ಲವಣತ್ವವನ್ನು ಅಳೆದು ಉಪಗ್ರಹದ ಮೂಲಕ ಸುದ್ದಿ ಕಳಿಸುತ್ತವೆ. ಮುಂಗಾರಿನ ಅಧ್ಯಯನಕ್ಕೂ ಈ ಅಳತೆಗಳು ಬೇಕು. ಅಂದರೆ ಶತ್ರುವನ್ನು ಹುಡುಕುವವನಿಗೆ ಬೇಕಾದ ತಿಳಿವಳಿಕೆ, ಮಳೆಗಾಗಿ ಮುಗಿಲು ನೋಡುವ ತಾಂಬಾದ ಒಕ್ಕಲಿಗನಿಗೂ ಬೇಕಾದದ್ದೇ ಆಗಿದೆ.

2005ರ ಮೇ 31ರಂದು ಕಾರವಾರದ ಬಳಿ ನಮ್ಮ ನೌಕಾದಳದ ದೊಡ್ಡ ನೆಲೆಯೊಂದು ಉದ್ಘಾಟನೆಯಾಯಿತು. ಬನವಾಸಿಯ ಅರಸುಮನೆತನದ ನೆನಪಿಗೆ ಅದಕ್ಕೆ 'ಕದಂಬ' ಎಂದು ಹೆಸರಿಟ್ಟಿದ್ದಾರೆ. ಅಲ್ಲಿಂದ ಹೊರಡುವ ಹಡಗುಗಳಲ್ಲಿ ಕನ್ನಡಿಗರೂ ಇದ್ದಾರು, ನಮ್ಮ ವಿಜಯಪುರ ಜಿಲ್ಲೆಯ ತರುಣರೂ ಇದ್ದಾರು. ಅವರ ಪ್ರಾಣರಕ್ಷಣೆ ಉಕ್ಕಿನ ದಪ್ಪವನ್ನೂ ಮದ್ದಿನ ಬಲವನ್ನೂ ಮಾತ್ರ ಅವಲಂಬಿಸಿಲ್ಲ. ಈ ದಿನ ಈ ಜಾಗದಲ್ಲಿ ನೀರು ಎಷ್ಟು ಆಳದವರೆಗೆ ಬೆಚ್ಚಗಿದೆ ಎಂಬ ಸಾಮಾನ್ಯವೆಂದು ತೋರುವ ಪ್ರಶ್ನೆಯ ಉತ್ತರವನ್ನೂ ಅವಲಂಬಿಸಿದೆ. ಯಂತ್ರವನ್ನು ಹೊರಗಿನಿಂದ ಕೊಂಡು ತರಬಹುದು. ನಮ್ಮ ಕಡಲಿನ ಪರಿಚಯವನ್ನು ಮಾತ್ರ ಯಾರೂ ಕೊಟ್ಟಾರೆಂದು ನೆಚ್ಚಿ ಕೂಡುವಂತಿಲ್ಲ. ಅದನ್ನು ನಾವೇ ಅಳೆದು, ಬರೆದು, ಕಲಿತು ಸಂಪಾದಿಸಬೇಕು. ಉಷ್ಣತೆ, ಲವಣತ್ವ, ಪ್ರವಾಹ ಎಂಬ ಆ ನೀರಸ ಪಾಠಗಳು ಯಾರಿಗೆ ಬೇಕೆಂಬ ಪ್ರಶ್ನೆಗೆ ಖುಕ್ರಿಯ 194 ಮಂದಿಯ ನೆನಪೇ ತಕ್ಕ ಉತ್ತರವೆಂದು ನಾನು ತಿಳಿದಿದ್ದೇನೆ.